ಏಳನೇ ಪೈಪು

ಚಾಮರಾಜನಗರ
22-1-1996

ಹಂಗಳದಲ್ಲಿರುವ ಅಪ್ಪನವರಿಗೆ,

ರಂಗರಾಜು ಮಾಡುವ ನಮಸ್ಕಾರ. ಇದು ಕ್ಷೇಮ ವಿಚಾರಿಸುವುದಕ್ಕೆ ಬರೆದ ಕಾಗದವಲ್ಲ, ಕಾರ್ಖಾನೆಯ ಕೆಲಸಕ್ಕೆ ಬರೆದದ್ದು. ಹಾಗಾಗಿ ಸಿಟ್ಟು ಪಕ್ಕಕ್ಕಿಟ್ಟು ಉತ್ತರ ಕೊಡಬೇಕು.

ನೀವು ಕೆಲಸ ಬಿಟ್ಟು ಹೋದ ಮೇಲೆ ಹೊಸ ಎಂಜಿನಿಯರ್ ಬಂದಿದ್ದಾರೆ. ಹರವೆ ಊರಿನವರು, ಮೃತ್ಯುಂಜಯ ಅಂತ. ಹೆಚ್ಚುಕಡಿಮೆ ನನ್ನ ವಯಸ್ಸೇ. ಬಂದ ದಿನವೇ ನನ್ನನ್ನು ಕರೆದು ಪಾಠ ಮಾಡಿದರು. ಕಲ್ಲು ಕುಯ್ಯುವ ಗರಗಸದ ಕೆಳಗಿಂದ ಬರುವ ಕೆಸರಿನಲ್ಲಿ ಕಲ್ಲುಪುಡಿ, ಕಬ್ಬಿಣದ ಹರಳು, ಸುಣ್ಣ ಇರುತ್ತದಂತೆ. ಅದು ಪೈಪಿನಲ್ಲಿ ಹರಿದು ತೊಟ್ಟಿಗೆ ಹೋಗುವಾಗ ಪೈಪನ್ನು ಒಳಗಿನಿಂದಲೇ ಉಜ್ಜಿ ತೆಳ್ಳಗೆ ಮಾಡುತ್ತದಂತೆ. ಆರು ವರ್ಷ ಅದೇ ಕೆಸರಿನಲ್ಲಿ ಮಿಂದವನಿಗೆ ಇಷ್ಟನ್ನೂ ಹೇಳಿದರು. ನಾನು ಹೌದಾ ಸಾರ್ ಅಂದೆ.

ಅವರಿಗೆ ಬೇಕಾಗಿರುವುದು ಒಂದು ಪಟ್ಟಿ. ಇಪ್ಪತ್ತೆರಡು ಪೈಪುಗಳಲ್ಲಿ ಯಾವುದು ಇನ್ನೆಷ್ಟು ದಿನ ಬರುತ್ತದೆ ಎಂದು ಒಡೆಯುವ ಮೊದಲೇ ಬರೆದಿಡಬೇಕು. ಮೈಸೂರಿನಿಂದ ಒಂದು ಮೀಟರು ಎರವಲು ತಂದಿದ್ದಾರೆ. ಪೈಪಿನ ಮೇಲೆ ಗ್ರೀಸು ಹಚ್ಚಿ ಅದರ ಗುಂಡಿಯನ್ನು ಒತ್ತಿದರೆ ಕಬ್ಬಿಣ ಎಷ್ಟು ದಪ್ಪ ಇದೆ ಎಂದು ಅಂಕಿ ತೋರಿಸುತ್ತದೆ. ಇಂದಿನ ದಪ್ಪ ಮೀಟರು ಹೇಳುತ್ತದೆ, ತಿಂಗಳಿಗೆ ಎಷ್ಟು ಸವೆಯುತ್ತದೆ ಎಂಬುದಕ್ಕೆ ಹಳೆಯ ಲೆಕ್ಕ ಬೇಕು. ಹಳೆಯ ಲೆಕ್ಕವೆಲ್ಲ ನಿಮ್ಮ ತಲೆಯಲ್ಲಿದೆ. "ಚಿಕ್ಕಬಸವಯ್ಯನವರು ಹೇಗೆ ಹೇಳುತ್ತಿದ್ದರು?" ಎಂದು ಕೇಳಿದರು. ಸುತ್ತಿಗೆಯಲ್ಲಿ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು ಅಂದೆ. ನಗುತ್ತಾರೆ ಅಂದುಕೊಂಡಿದ್ದೆ, ಬರೆದುಕೊಂಡರು.

ಏಳನೇ ಪೈಪಿನ ವಿಷಯವನ್ನೂ ಕೇಳಿದರು. ನಾನೇನು ಹೇಳಲಿ? ಸೆಪ್ಟೆಂಬರಿನಲ್ಲಿ ಅದನ್ನು ಬಡಿದು, ಕಾರ್ತೀಕ ಮುಗಿಯುವ ತನಕ ಭಯವಿಲ್ಲ ಅಂದವರು ನೀವು. ದೀಪಾವಳಿಗೆ ಎರಡು ದಿನ ಇರುವಾಗಲೇ ಒಡೆಯಿತು. ದಾರಿಯ ಮೇಲೆ ಹಾದ ಆ ಪೈಪಿನ ಕೆಳಗೆ ನಡೆದು ಹೋಗುತ್ತಿದ್ದ ನಮ್ಮ ಜೊತೆಗಾರ ರಾಚಯ್ಯನ ಬಲಗಣ್ಣು ಹೋಯಿತು. "ತಪ್ಪು ನನ್ನದು, ನನ್ನ ಕಿವಿ ಕೆಟ್ಟಿದೆ" ಎಂದು ಆಫೀಸಿಗೆ ಬರೆದುಕೊಟ್ಟವರೂ ನೀವೇ. ಅವತ್ತು ಅಂಗಳದಲ್ಲಿ ಇಪ್ಪತ್ತು ಜನರ ಮುಂದೆ ನಾನು ಆಡಿದ ಮಾತು ನಿಮಗೂ ನೆನಪಿದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸು ನನಗಿನ್ನೂ ಬಂದಿಲ್ಲ. ರಾಚಯ್ಯನನ್ನು ಈಗ ಗೇಟಿನಲ್ಲಿ ವಾಚ್‌ಮನ್ ಮಾಡಿ ಕೂರಿಸಿದ್ದಾರೆ. ದಿನಾ ಎರಡು ಸಲ ಅವನ ಮುಂದೆ ಹಾದು ಹೋಗಬೇಕು.

ಪಟ್ಟಿಗೆ ಬೇಕಾದ್ದನ್ನು ಬರೆಸಿ ಕಳುಹಿಸಿ.

ಇತಿ,
ರಂಗರಾಜು


ಹಂಗಳ
4-2-1996

ಮಗ ರಂಗರಾಜುವಿಗೆ,

ಅಪ್ಪನ ಆಶೀರ್ವಾದ. ಹೇಳುತ್ತಿರುವುದು ನಾನು, ಬರೆಯುತ್ತಿರುವುದು ಕುಮಾರಿ.

ನಿಮ್ಮ ಎಂಜಿನಿಯರಿಗೆ ಹೇಳು. ಪೈಪು ಸವೆಯುವುದು ಎಲ್ಲ ಕಡೆ ಒಂದೇ ಸಮ ಅಲ್ಲ. ಹರಳು ಭಾರ, ಅದು ತಳದಲ್ಲೇ ಉಜ್ಜಿಕೊಂಡು ಹೋಗುತ್ತದೆ, ಹಾಗಾಗಿ ಹೊಟ್ಟೆಯ ಕಡೆ ಮೊದಲು ತೆಳ್ಳಗಾಗುತ್ತದೆ. ಅದಕ್ಕೇ ನಾಲ್ಕು ತಿಂಗಳಿಗೊಮ್ಮೆ ಬೋಲ್ಟು ಬಿಚ್ಚಿ ಪೈಪನ್ನು ಕಾಲು ಸುತ್ತು ತಿರುಗಿಸಬೇಕು. ಸವೆದ ಮೈ ಪಕ್ಕಕ್ಕೆ ಹೋಗುತ್ತದೆ, ಹೊಸ ಮೈ ತಳಕ್ಕೆ ಬರುತ್ತದೆ. ಒಂದು ಪೈಪಿಗೆ ನಾಲ್ಕು ಮೈ. ನಾಲ್ಕೂ ಮುಗಿದ ಮೇಲೆ ಗುಜರಿಗೆ. ಬಾಗಿದ ಕಡೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಹೊರಗಿನ ಕೆನ್ನೆಗೇ ಏಟು. ಗರಗಸಕ್ಕೆ ಹೊಸ ಹರಳು ಸುರಿದ ವಾರ ಸವೆತ ಹೆಚ್ಚು, ಹರಳು ಮೊಂಡಾದ ಮೇಲೆ ಕಡಿಮೆ. ಕೆಸರು ತೀರಾ ಗಟ್ಟಿಯಾದರೂ ಕಷ್ಟ, ಪಂಪು ಜೋರಾಗಿ ತಳ್ಳಿದರೂ ಕಷ್ಟ. ಇಷ್ಟನ್ನೂ ಪಟ್ಟಿಯಲ್ಲಿ ಹೇಗೆ ಬರೆಯುತ್ತಾರೋ ನನಗೆ ತಿಳಿಯದು.

ಬಡಿಯುವುದಾದರೆ ಪೈಪು ಖಾಲಿ ಇರುವಾಗ ಬಡಿಯಬೇಕು. ಗಟ್ಟಿ ಕಬ್ಬಿಣದ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ, ಸವೆದ ಕಬ್ಬಿಣದ್ದು ಅಲ್ಲೇ ಸತ್ತುಹೋಗುತ್ತದೆ. ಹದಿಮೂರನೆಯದನ್ನು ಶಿವರಾತ್ರಿಯೊಳಗೆ ತಿರುಗಿಸಿ. ತೊಟ್ಟಿಯ ಹತ್ತಿರದ ಬಾಗನ್ನು ಕಾಯಬೇಡಿ, ಈಗಲೇ ತೆಗೆಯಿರಿ. ಹದಿನೆಂಟರಿಂದ ಮುಂದಕ್ಕೆ ಎಲ್ಲ ಹೊಸವು, ಅಲ್ಲಿ ಸವೆತವೂ ಕಡಿಮೆ, ಮುಂದಿನ ಸುಗ್ಗಿಯ ತನಕ ಮುಟ್ಟುವ ಹಾಗಿಲ್ಲ.

ಏಳನೆಯದರ ಮಾತು ಬೇಡ.

ಇತಿ,
ಚಿಕ್ಕಬಸವಯ್ಯ

ಅಣ್ಣ, ಇದು ನನ್ನ ಮಾತು. ಮನೆಯಲ್ಲಿ ಅಪ್ಪನಿಗೆ "ನೀನು" ಅನ್ನುವವನು ಕಾಗದದಲ್ಲಿ "ನೀವು, ನಿಮ್ಮ" ಅಂತ ಗೀಚಿದ್ದೀಯ. ಓದಿ ಹೇಳಿದಾಗ ಅಪ್ಪ "ಇದ್ ಯಾರ್ಗ್ ಬರ್ದವ್ನೆ ಕಣಮ್ಮಿ ಇವ್ನು?" ಎಂದು ಕೇಳಿದರು. ನಾನು ಗುಂಡ್ಲುಪೇಟೆಗೆ ಹೊಲಿಗೆ ಕಲಿಯಲು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಅವ್ವ ನಿನಗೆ ಹುರಳಿ ಕಟ್ಟಿಟ್ಟಿದ್ದಾಳೆ, ಹುಳ ಬೀಳುವ ಮೊದಲು ಬಂದು ತೆಗೆದುಕೊಂಡು ಹೋಗು.
ಕುಮಾರಿ


ಚಾಮರಾಜನಗರ
26-2-1996

ಅಪ್ಪನವರಿಗೆ,

ನೀವು ಹೇಳಿದಂತೆ ಶಿವರಾತ್ರಿಗೆ ಮೊದಲೇ ಲೈನು ನಿಲ್ಲಿಸಿ ಅಳೆದೆವು. ಹದಿಮೂರನೆಯದರ ತಳ ಒಂದೂವರೆ ಮಿಲಿಮೀಟರ್. ತೊಟ್ಟಿಯ ಹತ್ತಿರದ ಬಾಗು ಒಂದಕ್ಕಿಂತ ಕಡಿಮೆ. ಹದಿನೆಂಟರಿಂದ ಮುಂದಿನವು ಐದರ ಮೇಲೆಯೇ ಇವೆ. ಹೊಸ ಪೈಪು ಆರು ಮಿಲಿಮೀಟರ್ ಇರುತ್ತದೆ, ಹದಿನೆಂಟಕ್ಕಿಂತ ಹಿಂದಿನವು ತಿಂಗಳಿಗೆ ಒಂದು ಚಿಲ್ಲರೆ ಸವೆಯುತ್ತವೆ ಎಂದು ಎಂಜಿನಿಯರ್ ಲೆಕ್ಕ ಕಟ್ಟಿದರು. ಅವರ ಲೆಕ್ಕ ನಿಮ್ಮ ಮಾತಿನ ಹಿಂದೆ ಹಿಂದೆಯೇ ಬಂತು. "ನಾಲ್ಕು ತಿಂಗಳ ಹಿಂದೆ ಊರು ಸೇರಿದವರು ಅಲ್ಲಿಂದಲೇ ಇದನ್ನು ಹೇಳಿದರೇ?" ಎಂದು ಎರಡು ಸಲ ಕೇಳಿದರು. ನನಗೆ ಹೆಮ್ಮೆಯಾಯಿತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. ಇಪ್ಪತ್ತೊಂದು ಪೈಪುಗಳ ಬಗ್ಗೆ ನಿಮ್ಮ ಕಿವಿ ಸರಿ, ರಾಚಯ್ಯನ ತಲೆಯ ಮೇಲಿದ್ದ ಒಂದೇ ಒಂದರ ಬಗ್ಗೆ ತಪ್ಪು.

ಬೇಡ ಅಂದರೂ ಏಳನೆಯದರ ಮಾತು ಎತ್ತುತ್ತಿದ್ದೇನೆ. ಎಷ್ಟು ತೆಳ್ಳಗಾದರೆ ಒಡೆಯುತ್ತದೆ ಎಂಬ ಅಂಕಿ ಪಟ್ಟಿಗೆ ಬೇಕಿತ್ತು. ಒಡೆದ ಪೈಪು ಇನ್ನೂ ಗುಜರಿಯ ಮೂಲೆಯಲ್ಲೇ ಬಿದ್ದಿದೆ. ನಾನೊಬ್ಬನೇ ಹೋಗಿ ನಾಲ್ಕೂ ಮೈಗೆ ಗ್ರೀಸು ಹಚ್ಚಿ ಅಳೆದೆ. ತೂತು ಬಿದ್ದ ಮೈ ಅಂಚಿನಲ್ಲಿ ಅರ್ಧ ಮಿಲಿಮೀಟರ್. ಇನ್ನೊಂದು ಮೈ ಒಂದೂವರೆ. ಮತ್ತೊಂದು ನಾಲ್ಕು. ಕೊನೆಯದು ಆರು, ಹೊಸದರ ಹಾಗೇ ಇದೆ.

ಇದು ನನಗೆ ಅರ್ಥವಾಗುತ್ತಿಲ್ಲ. ಆ ಪೈಪನ್ನು ಹೊಸದಾಗಿ ಹಾಕಿದ್ದು ತೊಂಬತ್ತನಾಲ್ಕರ ದೀಪಾವಳಿ ಕಳೆದ ಮೇಲೆ. ಯುಗಾದಿಗೆ ಒಮ್ಮೆ, ಶ್ರಾವಣದಲ್ಲಿ ಒಮ್ಮೆ ತಿರುಗಿಸಿದೆವು, ಎರಡೂ ಸಲ ಬೋಲ್ಟು ಬಿಚ್ಚುವ ಪಾನ ಹಿಡಿದವನು ನಾನೇ. ಹಾಗಾದರೆ ಶ್ರಾವಣದಿಂದ ತಳದಲ್ಲಿದ್ದದ್ದು ಮೂರನೇ ಮೈ, ಈಗ ನಾಲ್ಕು ಮಿಲಿಮೀಟರ್ ಉಳಿದಿರುವುದು. ಅದು ಒಡೆಯುವುದಕ್ಕೆ ಇನ್ನೂ ತಿಂಗಳುಗಳು ಬೇಕಿತ್ತು. ಒಡೆದದ್ದು ಅದಲ್ಲ. ಯುಗಾದಿಗೇ ಪಕ್ಕಕ್ಕೆ ಹೋಗಿದ್ದ ಮೊದಲನೇ ಮೈ ಒಡೆದಿದೆ. ಅದು ಮತ್ತೆ ತಳಕ್ಕೆ ಹೇಗೆ ಬಂತು?

ಎಂಜಿನಿಯರಿಗೆ ಇನ್ನೂ ಹೇಳಿಲ್ಲ. ಶ್ರಾವಣದ ಮೇಲೆ ನೀವು ಅದನ್ನು ಮತ್ತೆ ಮುಟ್ಟಿದ್ದಿರಾ? ಇಷ್ಟಕ್ಕೆ ಮಾತ್ರ ಉತ್ತರ ಬರೆಸಿ.

ರಂಗರಾಜು


ಹಂಗಳ
10-3-1996

ರಂಗರಾಜುವಿಗೆ,

ಮುಟ್ಟಿದ್ದೆ. ದೀಪಾವಳಿಯ ಹಿಂದಿನ ಗುರುವಾರ ನಾನೊಬ್ಬನೇ ತಿರುಗಿಸಿದೆ. ಲೆಕ್ಕ ತಪ್ಪಿ ಹಳೆಯ ಮೈಯನ್ನು ತಳಕ್ಕೆ ಹಾಕಿದೆ. ವಯಸ್ಸಾಯಿತು, ತಲೆಯೂ ಕೆಟ್ಟಿದೆ, ಕಿವಿಯೂ ಕೆಟ್ಟಿದೆ. ಇದನ್ನು ಬರೆದುಕೊಂಡು ಪಟ್ಟಿ ಮುಗಿಸು. ಮತ್ತೆ ಅದರ ಬಗ್ಗೆ ಕಾಗದ ಬರೆಯಬೇಡ.

ಚಿಕ್ಕಬಸವಯ್ಯ

ಅಣ್ಣ, ಅಪ್ಪ ಇಷ್ಟು ಹೇಳಿ ಎದ್ದು ಹೋದರು. ನಿನಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಊರಿಗೆ ಬಂದಾಗಿನಿಂದ ಅಪ್ಪನಿಗೆ ತನ್ನ ಕಿವಿಯ ಮೇಲೆ ನಂಬಿಕೆಯೇ ಇಲ್ಲ. ಬಸ್ಸಿನ ಹಾರನ್ ಕೇಳಿಸಿದರೂ "ಬಂತಾ?" ಎಂದು ನನ್ನನ್ನು ಕೇಳುತ್ತಾರೆ. ಅವ್ವ ಕರೆದರೆ ಓಗೊಟ್ಟು, "ಕರುದ್ಯಾ?" ಎಂದು ಇನ್ನೊಮ್ಮೆ ಕೇಳುತ್ತಾರೆ. ಹೋದ ವಾರ ಬಲವಂತ ಮಾಡಿ ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಹಿಂದೆ ನಿಂತು ಪಿಸುಗುಟ್ಟಿದರೂ ಅಪ್ಪ ಸರಿಯಾಗಿ ಉತ್ತರ ಕೊಟ್ಟರು. "ನಿಮ್ಮ ಕಿವಿ ನನ್ನದಕ್ಕಿಂತ ಚೆನ್ನಾಗಿದೆ ಯಜಮಾನ್ರೆ" ಅಂದರು ಡಾಕ್ಟರು. ಅಪ್ಪನಿಗೆ ಸಂತೋಷವಾಗಬೇಕಲ್ಲ? ಮುಖ ಕಪ್ಪಿಟ್ಟುಹೋಯಿತು. ಮನೆಗೆ ಬಂದು ಅವ್ವನ ಹತ್ತಿರ "ಆ ಡಾಕುಟ್ರುಗೇ ಸರ್ಯಾಗ್ ಕೇಳಲ್ಲ" ಅಂದರು. ಕಿವಿ ಚೆನ್ನಾಗಿದೆ ಅಂದರೆ ಹೆದರುವ ಮನುಷ್ಯನನ್ನು ನಾನೆಲ್ಲೂ ನೋಡಿಲ್ಲ. ನಿನಗೇನಾದರೂ ಗೊತ್ತಾ?
ಕುಮಾರಿ


ಚಾಮರಾಜನಗರ
1-4-1996

ಅಪ್ಪನವರಿಗೆ,

ಯುಗಾದಿಗೆ ಬರಲಿಲ್ಲ. ಬಂದು ನಿಮ್ಮ ಎದುರು ಕೂತು ಒಬ್ಬಟ್ಟು ತಿನ್ನುವುದಕ್ಕೆ ನನ್ನಿಂದ ಆಗುತ್ತಿರಲಿಲ್ಲ.

ಬರೆಯಬೇಡ ಅಂದಿರಿ, ಬರೆಯುತ್ತಿದ್ದೇನೆ. ನೀವು ಹೇಳಿದ ಗುರುವಾರ ಭೀಮನಬೀಡಿನ ಅತ್ತೆಯ ತಿಥಿ. ಬುಧವಾರ ಸಂಜೆ ನಿಮ್ಮನ್ನು ಗುಂಡ್ಲುಪೇಟೆ ಬಸ್ಸಿಗೆ ಹತ್ತಿಸಿದವನು ನಾನು, ಕೈಗೆ ಬಾಳೆಹಣ್ಣಿನ ಚೀಲ ಕೊಟ್ಟವನೂ ನಾನು. ಶನಿವಾರ ಬೆಳಿಗ್ಗೆ ನೀವು ವಾಪಸು ಬಂದಾಗ ರಾಚಯ್ಯನನ್ನು ಜೀಪಿಗೆ ಹತ್ತಿಸುತ್ತಿದ್ದೆವು. ಗುರುವಾರ ನೀವು ನಗರದಲ್ಲೇ ಇರಲಿಲ್ಲ. ಇದ್ದರೂ, ಲೈನು ನಿಲ್ಲಿಸದೆ ಪೈಪು ತಿರುಗಿಸುವುದಕ್ಕಾಗುತ್ತದೆಯೇ? ಪಂಪಿನ ಪುಸ್ತಕ ತೆಗೆದು ನೋಡಿದೆ. ಆಯುಧಪೂಜೆಯ ಎರಡು ದಿನ ಬಿಟ್ಟರೆ ಅಕ್ಟೋಬರಿನಲ್ಲಿ ಲೈನು ನಿಂತದ್ದೇ ಇಲ್ಲ.

ನೀವು ಯಾಕೆ ಸುಳ್ಳು ಹೇಳಿದಿರಿ? ಮೊದಲು ಆಫೀಸಿಗೆ ಕಿವಿ ಕೆಟ್ಟಿತು ಎಂದು ಬರೆದುಕೊಟ್ಟಿರಿ. ಕುಮಾರಿ ಡಾಕ್ಟರ ವಿಷಯ ತಿಳಿಸಿದ್ದಾಳೆ. ಈಗ ಮಾಡದ ಕೆಲಸವನ್ನು ಮಾಡಿದೆ ಅನ್ನುತ್ತಿದ್ದೀರಿ. ಒಂದು ತಪ್ಪಿಗೆ ಎರಡೆರಡು ಕಾರಣ ಕೊಡುವವರಲ್ಲ ನೀವು. ಯಾರನ್ನಾದರೂ ಮರೆಮಾಡುತ್ತಿದ್ದೀರಾ? ರಾಚಯ್ಯನನ್ನೇ ಅಂದರೆ ಅವನು ಕಣ್ಣು ಕಳೆದುಕೊಂಡವನು. ಪಂಪಿನ ಆಪರೇಟರ್ ಮಂಟೇಸ್ವಾಮಿಗೆ ಪಾನ ಹಿಡಿಯುವುದೇ ಗೊತ್ತಿಲ್ಲ. ಮೂರು ರಾತ್ರಿ ಯೋಚನೆ ಮಾಡಿದೆ, ಒಂದೂ ಹೊಂದಲಿಲ್ಲ. ತಲೆ ಕೆಟ್ಟು ಕೆಸರಾಗಿದೆ.

ನಿಮ್ಮ ಬಾಯಿಂದಲೇ ಬರಲಿ.

ರಂಗರಾಜು


ಹಂಗಳ
14-4-1996

ಅಣ್ಣನಿಗೆ,

ಅಪ್ಪ ಬರೆಸಿದ್ದು ಒಂದೇ ಸಾಲು, ಉಳಿದದ್ದನ್ನು ನಾನೇ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಓದಿ ಹೇಳಿದೆ. ಒಂದು ಸಾಲನ್ನು ಮತ್ತೆ ಓದು ಅಂದರು. "ಆಯುಧಪೂಜೆಯ ಎರಡು ದಿನ ಬಿಟ್ಟರೆ" ಎಂದು ಬರೆದಿದ್ದೀಯಲ್ಲ, ಅದನ್ನು. ಮತ್ತೆ ಓದಿದೆ. ಎದ್ದು ಹೋಗಿ ಬೇಲಿಯ ಹತ್ತಿರ ನಿಂತರು. ರಾಗಿ ಮುದ್ದೆ ಆರಿಹೋಯಿತು, ಅವ್ವ ಎರಡು ಸಲ ಕರೆದಳು. ಒಳಗೆ ಬಂದವರು "ಬರಿ ಅವ್ನ್ಗೆ. ಆ ಪೈಪ್ನ ತೂಕುಕ್ ಆಕಿ ಕಳ್ಸ್ಬುಡು ಅಂತ ಬರಿ. ಬ್ಯಾರೆ ಏನೂ ಬ್ಯಾಡ" ಅಂದರು.

ಬರೆದಿದ್ದೇನೆ. ನೀವಿಬ್ಬರೂ ಪೈಪಿನ ಬಗ್ಗೆ ಬರೆಯುತ್ತೀರಿ, ಮಧ್ಯೆ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣುವುದಿಲ್ಲ. ನೇರವಾಗಿ ಕೇಳುತ್ತೇನೆ, ಆಯುಧಪೂಜೆಯ ದಿನ ಅಲ್ಲಿ ಏನಾಯಿತು? ಅಪ್ಪ ಅವತ್ತು ಪೂಜೆ ಮುಗಿಸಿ ಬೂದುಗುಂಬಳಕಾಯಿ ಒಡೆದದ್ದನ್ನು ಹೇಳಿದ್ದರು, ಸಾಹುಕಾರರು ಲಾಡು ಹಂಚಿದ್ದನ್ನು ಹೇಳಿದ್ದರು. ಲೈನು ನಿಂತಾಗ ಪೈಪಿನ ಕೆಲಸ ಯಾರು ಮಾಡಿದರು ಎಂದು ಮಾತ್ರ ಹೇಳಿರಲಿಲ್ಲ.

ನಿನ್ನ ತಂಗಿ,
ಕುಮಾರಿ


ಚಾಮರಾಜನಗರ
5-5-1996

ಅಪ್ಪ,

ಈ ಕಾಗದವನ್ನು ಕುಮಾರಿಯ ಕೈಲಿ ಓದಿಸಬೇಡ. ನಿಧಾನವಾದರೂ ನೀನೇ ಕೂಡಿಸಿಕೊಂಡು ಓದು.

ಕುಮಾರಿ ಕೇಳಿದ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಎರಡು ವಾರ ಓಡಾಡಿದೆ. ನೆನಪಿಲ್ಲದ್ದೇನೂ ಅಲ್ಲ, ನೆನಪಿಗೆ ತಂದುಕೊಂಡಿರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ನೀನು ಕುಂಬಳಕಾಯಿ, ಹೂವು ತರಲು ಪೇಟೆಗೆ ಹೊರಟೆ. "ದಾರಿ ಮ್ಯಾಲಿರ ಏಳ್ನೇದ್ನ ಇಳ್ಸಿ ತೊಳ್ದು ಬಣ್ಣ ಬಳ್ದುಡ್ಲಾ, ಸಾವ್ಕಾರ್ರ ಕಾರು ಅದ್ರಡೀಲೇ ಬರದು" ಅಂದೆ. ಪ್ರತಿ ವರ್ಷ ನೀನು ಮಾಡುತ್ತಿದ್ದ ಕೆಲಸವನ್ನು ಮೊದಲ ಸಲ ನನಗೆ ಬಿಟ್ಟಿದ್ದೆ. ನಾನೂ ರಾಚಯ್ಯನೂ ಇಳಿಸಿದೆವು. ಒಳಗೆ ಕಟ್ಟಿದ್ದ ಕೆಸರನ್ನು ಕೆತ್ತಿ ತೊಳೆದೆವು. ನಾನು ಕೆಂಪು ಬಣ್ಣವನ್ನು ಎರಡು ಕೈ ಬಳಿದೆ, ಒಂದು ಚುಕ್ಕೆ ಬಿಡದ ಹಾಗೆ. ಪೈಪಿನ ಮೇಲೆ ನಿನ್ನ ಬಿಳಿ ಗೆರೆಗಳಿದ್ದವು. ಕುಂಚ ಒರೆಸಿದ ಗುರುತು ಅಂದುಕೊಂಡೆ. ಅದರ ಮೇಲೂ ಬಳಿದೆ. ಸಂಜೆ ಏರಿಸುವಾಗ ರಾಚಯ್ಯ "ಯಾವ್ ಮೈ ಕೆಳಕ್ಕೆ ಕಣ್ಲಾ?" ಎಂದು ಕೇಳಿದ. ನಾನು "ದುಂಡ್ಗಿರದ್ಕೆ ಮ್ಯಾಲೇನು ಕೆಳ್ಗೇನು, ಬೋಲ್ಟ್ ಕೂತ್ರೆ ಸಾಕು" ಅಂದೆ. ಇಬ್ಬರೂ ನಕ್ಕೆವು.

ನಿನ್ನೆ ಗುಜರಿಗೆ ಹೋಗಿ ಗರಗಸದ ಬ್ಲೇಡಿನಲ್ಲಿ ಬಣ್ಣ ಕೆರೆದೆ. ತೂತಿನ ಪಕ್ಕದಲ್ಲಿ ಒಂದು ಬಿಳಿ ಗೆರೆ. ಒಂದೂವರೆ ಮಿಲಿಮೀಟರ್ ಇರುವ ಮೈ ಮೇಲೆ ಎರಡು ಗೆರೆ. ನಾಲ್ಕರ ಮೇಲೆ ಏನೂ ಇಲ್ಲ, ಆರರ ಮೇಲೆ ಏನೂ ಇಲ್ಲ. ಅಪ್ಪ, ನೀನು ಸವೆದ ಮೈಗೆಲ್ಲ ಗೆರೆ ಹಾಕುತ್ತಿದ್ದೆ. ಗೆರೆ ಬಿದ್ದ ಮೈ ಮತ್ತೆ ನೆಲ ನೋಡಬಾರದು ಎಂದು. ಆರು ವರ್ಷ ನಿನ್ನ ಜೊತೆ ಇದ್ದು ನನಗೆ ಇದು ಈಗ ಗೊತ್ತಾಯಿತು.

ನಿನ್ನ ಕಿವಿ ತಪ್ಪಿರಲಿಲ್ಲ. ನೀನು ಬಡಿದು ಕೇಳಿದ್ದು ಮೂರನೇ ಮೈಯ ಸದ್ದು. ಅದು ಕಾರ್ತೀಕವನ್ನೂ ದಾಟುತ್ತಿತ್ತು. ನಾನು ಮೊದಲನೆಯದನ್ನು ತಳಕ್ಕೆ ಹಾಕಿದೆ. ಮೂರು ವಾರಕ್ಕೆ ತೂತಾಯಿತು. ಅವತ್ತು ಇಪ್ಪತ್ತು ಜನರ ಮುಂದೆ "ಕಿವಿ ಕೆಟ್‌ಮ್ಯಾಲೆ ಮನೇಲ್ ಬಿದ್ದಿರಕ್ ಏನಾಗಿತ್ತು ನಿಂಗೆ" ಎಂದು ಕಿರುಚಿದವನು ನಾನು. ನೀನು ಟವೆಲ್ ಕೊಡವಿಕೊಂಡು ಹೊರಟೆ.

ಗೊತ್ತಿದ್ದೂ ಸುಮ್ಮನಿದ್ದೆಯಾ? ಗೊತ್ತಿದ್ದರೆ ನನ್ನ ಕೆನ್ನೆಗೆ ಎರಡು ಬಾರಿಸದೆ ಯಾಕೆ ಹೋದೆ? ನನಗೆ ಈಗ ನಿನ್ನ ಮೇಲೆ ಸಿಟ್ಟು ಬರುತ್ತಿದೆ, ನಾಚಿಕೆಯೂ ಆಗುತ್ತಿದೆ, ಯಾವುದು ಎಷ್ಟು ಎಂದು ಹೇಳುವ ಮೀಟರು ನನ್ನ ಹತ್ತಿರ ಇಲ್ಲ.

ರಂಗ


ಹಂಗಳ
19-5-1996

ರಂಗ,

ನಾನೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ಮೂರು ದಿನ ಹಿಡಿಯಿತು.

ಗೊತ್ತಿತ್ತಾ ಎಂದು ಕೇಳಿದ್ದೀಯ. ಗೊತ್ತಿರಲಿಲ್ಲ. ಇದನ್ನು ನೀನು ನಂಬಬೇಕು. ಆವತ್ತು ಪೈಪನ್ನು ಇಳಿಸಿ ಹಾಕಿದಾಗ ಹೊಸ ಬಣ್ಣ ನೋಡಿದೆ, ಗೆರೆ ಕಾಣಲಿಲ್ಲ. ಕೈಯಲ್ಲಿ ಚಾಕು ಇತ್ತು. ಎರಡು ಸಲ ಎಳೆದಿದ್ದರೆ ತಿಳಿಯುತ್ತಿತ್ತು. ಗೆರೆ ಇದ್ದರೆ ಮಗ ಮಾಡಿದ್ದು, ಇಲ್ಲದಿದ್ದರೆ ನನ್ನ ಕಿವಿ ಮಾಡಿದ್ದು. ಎರಡರಲ್ಲಿ ಯಾವುದನ್ನೂ ನೋಡುವ ಧೈರ್ಯ ಬರಲಿಲ್ಲ. ಕೆರೆಯದೆ ಚಾಕು ಮಡಚಿದೆ. ತಪ್ಪು ನನ್ನದು ಎಂದು ಬರೆದುಕೊಟ್ಟೆ. ಹಾಗೆ ಬರೆದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ ಎಂದುಕೊಂಡೆ.

ಬರೆದುಕೊಟ್ಟ ಮೇಲೆ ಅದು ಮೈಗೆ ಹತ್ತಿಕೊಂಡಿತು. ನಿಜವಾಗಿಯೂ ಕಿವಿ ಕೆಟ್ಟಿರಬಹುದು ಅನ್ನಿಸತೊಡಗಿತು. ಇಪ್ಪತ್ತೆರಡು ವರ್ಷ ಬಡಿದು ಬದುಕಿದವನು, ಹಿತ್ತಲಲ್ಲಿ ಬಿಂದಿಗೆಯ ಸದ್ದಾದರೆ ಅದು ತುಂಬಿದೆಯೋ ಖಾಲಿಯೋ ಎಂದು ಹೇಳಲು ಹೆದರುತ್ತಿದ್ದೆ. ಡಾಕ್ಟರು ಕಿವಿ ಚೆನ್ನಾಗಿದೆ ಅಂದಾಗ ನಿನ್ನ ಕಡೆಗೇ ಬೆರಳು ತೋರಿಸಿದ ಹಾಗಾಯಿತು. ಅದಕ್ಕೇ ಹೆದರಿದೆ. ಗುರುವಾರದ ಸುಳ್ಳು ಹೇಳಿದ್ದೂ ನೀನು ಅಗೆಯುವುದನ್ನು ನಿಲ್ಲಿಸಲಿ ಎಂದು.

ಇನ್ನೊಂದು ಇದೆ. ಅದು ಸುಳ್ಳಲ್ಲ. ಗೆರೆಯ ಅರ್ಥ ಏನೆಂದು ನಾನು ಯಾರಿಗೂ ಹೇಳಿರಲಿಲ್ಲ. ರಾಚಯ್ಯ ಹದಿನೆಂಟು ವರ್ಷದ ಸ್ನೇಹಿತ, ಅವನಿಗೆ ಹೇಳಿಲ್ಲ. ನೀನು ಹೊಟ್ಟೆಯಲ್ಲಿ ಹುಟ್ಟಿದ ಮಗ, ನಿನಗೂ ಹೇಳಿಲ್ಲ. ಎಲ್ಲರಿಗೂ ತಿಳಿದರೆ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಯೋಚಿಸಿದ್ದೆ. ಚಿಕ್ಕಬಸವಯ್ಯ ಇಲ್ಲದೆ ಲೈನು ನಡೆಯುವುದಿಲ್ಲ ಎಂದು ಜನ ಹೇಳುವಾಗ ಸುಖವಾಗಿರುತ್ತಿತ್ತು. ನೀನು ತಿಳಿಯದೆ ಬಳಿದೆ. ನಾನು ತಿಳಿದೂ ಬಾಯಿ ಬಿಡಲಿಲ್ಲ. ಆ ಕಣ್ಣು ಯಾರ ಲೆಕ್ಕಕ್ಕೆ ಹೋಗುತ್ತದೆ ಎಂದು ನನಗೆ ಈಗಲೂ ತಿಳಿಯುತ್ತಿಲ್ಲ.

ನೀನು ಯಾರಿಗೂ ಹೇಳಬೇಡ. ನಿನಗೆ ಇನ್ನೂ ಮೂವತ್ತು ವರ್ಷದ ಕೆಲಸ ಇದೆ. ನಾನು ಹೇಗೂ ಬಿಟ್ಟು ಬಂದಿದ್ದೇನೆ.

ಅಪ್ಪ


ಚಾಮರಾಜನಗರ
3-6-1996

ಅಪ್ಪ,

ನಿನ್ನ ಮಾತು ಮೀರಿದೆ.

ಶನಿವಾರ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಹತ್ತಿರ ಹೋದೆ. ಬೈದದ್ದು ಎಲ್ಲರ ಮುಂದೆ, ಹೇಳುವುದೂ ಎಲ್ಲರ ಮುಂದೆಯೇ ಆಗಲಿ ಎಂದು. ಬಣ್ಣ ಬಳಿದದ್ದು, ಗೆರೆ ಮುಚ್ಚಿದ್ದು, ದುಂಡಗಿರುವುದಕ್ಕೆ ಮೇಲೇನು ಕೆಳಗೇನು ಅಂದದ್ದು, ಎಲ್ಲ ಹೇಳಿದೆ. ಅಪ್ಪನ ಕಿವಿ ಸರಿಯಾಗಿಯೇ ಇತ್ತು ಎಂದೂ ಹೇಳಿದೆ. ಮಂಟೇಸ್ವಾಮಿ ಬೀಡಿಯನ್ನು ಕಾಲಲ್ಲಿ ಹೊಸಕಿ ಒಳಗೆ ಹೋದ. ಒಬ್ಬೊಬ್ಬರೇ ಹೋದರು.

ರಾಚಯ್ಯ ಸ್ಟೂಲಿನ ಮೇಲೆ ಕೂತೇ ಇದ್ದ. ಎಡಗಣ್ಣಿನಿಂದ ನನ್ನನ್ನು ನೋಡಲು ಪೂರ್ತಿ ಕುತ್ತಿಗೆ ತಿರುಗಿಸಬೇಕು ಅವನು. ತಿರುಗಿಸಿ ನೋಡಿದ. "ನಾನ್ ಕೇಳಿದ್ದೆ ಕಣ್ಲಾ ನಿನ್ನ, ಯಾವ್ ಮೈ ಕೆಳಕ್ಕೆ ಅಂತ" ಅಂದ. ಹೌದು ಅಂದೆ. ಒಂದು ಲಾರಿ ಬಂತು, ಎದ್ದು ಗೇಟು ತೆಗೆದ, ನಂಬರು ಬರೆದುಕೊಂಡ, ಮತ್ತೆ ಬಂದು ಕೂತ.

"ಏಳ್ ತಿಂಗ್ಳಿಂದ ನಿಮ್ಮಪ್ಪನ್ನ ದಿನಾ ಬೈಕಂಡೇ ಅನ್ನ ತಿಂದಿವ್ನಿ" ಅಂದ. "ನಮ್ಮನೆಯೋಳು ಅವ್ರೆಸ್ರು ಎತ್ತುದ್ರೆ ಕದ ಆಕಳಳು. ಈಗ ನೀನ್ ಬಂದು ಅವ್ರಲ್ಲ ಅಂತೀಯೆ. ನನ್ ಬಾಯ್ನ ಎಲ್ ತೊಳ್ಕಳ್ಳಿ ನಾನು?"

ನಾನು ಅತ್ತೆ. ಅವನು ಸಮಾಧಾನ ಮಾಡಲಿಲ್ಲ. "ನೀನ್ ಏಳುದ್ದು ಸಾಲ್ದು. ಅವ್ರೇ ಬರ್ಲಿ. ಗೆರೆ ಯಾಕ್ ಏಳ್ಲಿಲ್ಲ ನಂಗೆ ಅಂತ ಅವ್ರ ಬಾಯ್ನಲ್ಲೇ ಕೇಳ್ಬೇಕು" ಅಂದ. ಅಷ್ಟೇ.

ಆಫೀಸಿನಲ್ಲಿ ನನ್ನನ್ನು ಲೈನಿನಿಂದ ತೆಗೆದು ಲೋಡಿಂಗ್‌ಗೆ ಹಾಕಿದ್ದಾರೆ. ಮುಂದೇನು ಎಂದು ಇನ್ನೂ ಹೇಳಿಲ್ಲ. ಎಂಜಿನಿಯರಿಗೆ ಅದಕ್ಕಿಂತ ದೊಡ್ಡ ಚಿಂತೆ ಹತ್ತಿದೆ. ಆಯುಧಪೂಜೆಗೆ ಉಳಿದ ಪೈಪುಗಳನ್ನು ಇದ್ದಲ್ಲೇ ಬಣ್ಣ ಬಳಿದವನೂ ನಾನೇ. ಅವುಗಳ ಗೆರೆಗಳೂ ಮುಚ್ಚಿಹೋಗಿವೆ. ಬಿಚ್ಚುವ ಮೊದಲು ಯಾವುದರ ಯಾವ ಮೈ ಮುಗಿದಿದೆ ಎಂದು ಹೇಳಬಲ್ಲವನು ಒಬ್ಬನೇ ಇದ್ದಾನೆ, ಎರವಲು ಮೀಟರನ್ನು ಹದಿನೈದಕ್ಕೆ ವಾಪಸು ಕೊಡಬೇಕು, ಅಷ್ಟರೊಳಗೆ ಎಲ್ಲದರ ನಾಲ್ಕೂ ಮೈ ಅಳೆದು ಮುಗಿಯುವುದಿಲ್ಲ. ಬಾ ಎಂದು ಕರೆಯುವ ಮುಖ ನನಗಿಲ್ಲ. ಎಂಜಿನಿಯರ್ ಕರೆಯಲು ಹೇಳಿದ್ದಾರೆ, ರಾಚಯ್ಯ ಕರೆಯಲು ಹೇಳಿದ್ದಾನೆ. ಅವರಿಬ್ಬರ ಮಾತನ್ನು ತಲುಪಿಸಿದ್ದೇನೆ.

ರಂಗ


ಹಂಗಳ
8-6-1996

ರಂಗ,

ಹೇಳಬೇಡ ಅಂದಿದ್ದೆ, ಹೇಳಿದೆ. ಓದಿ ಮೊದಲು ಸಿಟ್ಟು ಬಂತು. ನಿನಗೋಸ್ಕರ ಏಳು ತಿಂಗಳು ಹೊತ್ತದ್ದನ್ನು ಒಂದು ಮಧ್ಯಾಹ್ನ ಗೇಟಿನಲ್ಲಿ ಚೆಲ್ಲಿಬಿಟ್ಟೆಯಲ್ಲ ಎಂದು. ಆಮೇಲೆ ಊಟ ಮಾಡಿ ಮಲಗಿದೆ, ಬೆಳಿಗ್ಗೆ ತನಕ ಎಚ್ಚರವಾಗಲಿಲ್ಲ. ಇದರಲ್ಲಿ ಯಾವುದು ನಿಜವಾದ ನಾನು ಎಂದು ಗೊತ್ತಾಗುತ್ತಿಲ್ಲ.

ಬುಧವಾರ ಮೊದಲನೇ ಬಸ್ಸಿಗೆ ಬರುತ್ತೇನೆ. ನಾನು ಬರುವ ತನಕ ಒಂದು ಪೈಪನ್ನೂ ಬಿಚ್ಚಬೇಡಿ. ಎಂಜಿನಿಯರಿಗೆ ಒಂದು ದಪ್ಪ ನೋಟ್‌ಬುಕ್ ತರಲು ಹೇಳು. ಇಪ್ಪತ್ತೆರಡರದ್ದೂ ಹೇಳುತ್ತೇನೆ, ನೀನು ಪಕ್ಕದಲ್ಲಿ ನಿಂತು ಬರೆದುಕೋ. ಲೋಡಿಂಗ್‌ನವರು ಬಿಡದಿದ್ದರೆ ನಾನು ಕೇಳಿಕೊಳ್ಳುತ್ತೇನೆ.

ನೀನು ಬಸ್ ಸ್ಟ್ಯಾಂಡಿಗೆ ಬರುವುದು ಬೇಡ, ಒಳಗೇ ಇರು. ನಾನು ಮೊದಲು ಗೇಟಿನ ಹೊರಗೆ ನಿಂತು ರಾಚಯ್ಯ ಕೇಳಿದ್ದಕ್ಕೆ ಉತ್ತರ ಹೇಳಬೇಕು. ನನ್ನನ್ನೇ ಇಟ್ಟುಕೊಳ್ಳಲಿ ಎಂಬ ಆಸೆಗೆ ನಿನಗೆ ಹೇಳಲಿಲ್ಲ ಕಣಯ್ಯಾ, ಎಂದು ಹೇಳಬೇಕು. ಅವನು ಗೇಟು ತೆಗೆದರೆ ಒಳಗೆ ಬರುತ್ತೇನೆ. ತೆಗೆಯದಿದ್ದರೆ ಅಲ್ಲೇ ಹೊರಗೆ ಕೂರುತ್ತೇನೆ, ನೋಟ್‌ಬುಕ್ ತೆಗೆದುಕೊಂಡು ನೀವೇ ಬನ್ನಿ.

ಅಪ್ಪ